ಫೈನಲ್‌ನಲ್ಲಿದ್ದಾಗ ಟವರ್‌ನವರು ‘ಬೇಗ ಬನ್ನಿ’ ಅಂದರೆ ಏನು ಮಾಡ್ತೀರಿ?

ಹಕ್ಕಿಗಣ್ಣು

ಎಲ್ಲರಿಗೂ ನಮಸ್ಕಾರ. ನಾನಿರೋದು ಸ್ಯಾನ್ ಹೋಸೆಯಲ್ಲಿ. ರೀಡ್-ಹಿಲ್‌ವ್ಯೂ ನಿಲ್ದಾಣದಲ್ಲಿ ಸೆಸ್ನಾ 172 ಅನ್ನೋ ಸಣ್ಣ ವಿಮಾನ ಹಾರಿಸೋದು ಕಲೀತಿದ್ದೀನಿ, ಪ್ರೈವೇಟ್ ಲೈಸೆನ್ಸ್‌ನ ಚೆಕ್‌ರೈಡ್ (ಹಾರಾಟದ ಪರೀಕ್ಷೆ) ಹತ್ತಿರ ಬಂದಿದೆ. ನಮ್ಮ ಹ್ಯಾಂಗರ್‌ನಲ್ಲಿ ಒಂದು ವಿಷಯಕ್ಕೆ ಎರಡು ಪಕ್ಷ ಆಗಿವೆ, ನಿಮ್ಮನ್ನೂ ಕೇಳೋಣ ಅಂತ ಬಂದೆ.

ದೊಡ್ಡ ನಿಲ್ದಾಣಕ್ಕೆ ಹೋಗ್ತಿದ್ದೀರಿ, ಫೈನಲ್‌ನಲ್ಲಿದ್ದೀರಿ (ರನ್‌ವೇಗೆ ನೇರವಾಗಿ ಇಳಿಯೋ ಕೊನೇ ಹಂತ) ಅಂದ್ಕೊಳ್ಳಿ. ಹಿಂದೆ ಜೆಟ್ ಬರ್ತಿದೆ. ಟವರ್‌ನವರು ‘ಕೀಪ್ ಯುವರ್ ಸ್ಪೀಡ್ ಅಪ್’, ವೇಗ ಇಳಿಸಬೇಡಿ ಅಂತಾರೆ. ಕಂಟ್ರೋಲರ್‌ಗೆ ಇಡೀ ಚಿತ್ರ ಕಾಣುತ್ತೆ, ಅವರು ಹೇಳಿದ ಹಾಗೆ 90, 100 ನಾಟ್‌ನಲ್ಲೇ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಬಂದು ಕೊನೇಲಿ ಥ್ರಾಟಲ್ ಎಳೆದು ಎಂಜಿನ್ ಶಕ್ತಿ ಇಳಿಸಿಬಿಡು ಅನ್ನೋದು ಒಂದು ಪಕ್ಷ. ‘ಅನೇಬಲ್’ (ಆಗಲ್ಲ) ಅಂದು ನಿನ್ನ 65 ನಾಟ್ ನೀನು ಹಾರಿಸು, ಮಿಕ್ಕಿದ್ದು ಅವರ ತಲೆನೋವು ಅನ್ನೋದು ಇನ್ನೊಂದು. ನನಗೆ ಎರಡೂ ಪೂರ್ತಿ ಸರಿ ಅನ್ನಿಸ್ತಿಲ್ಲ. ‘ಅನೇಬಲ್’ ಅಂದರೆ ಅವರಿಗೆ ಕೋಪ ಬರುತ್ತಾ? ಎಷ್ಟು ಹತ್ತಿರದವರೆಗೆ ಜೋರಾಗಿ ಬರಬಹುದು?

ಫೀನಿಕ್ಸ್ ಮೇಷ್ಟ್ರು

ನಾನು ಇಲ್ಲಿ ಇನ್‌ಸ್ಟ್ರಕ್ಟರ್. ಪಕ್ಷ ಕಟ್ಟೋ ಮುಂಚೆ ಒಂದು ಲೆಕ್ಕ ಹಾಕಿ, ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಮೂರು ನಾಟಿಕಲ್ ಮೈಲಿಯ ಫೈನಲ್. ಇಡೀ ದೂರ 65 ನಾಟ್‌ನಲ್ಲಿ ಬಂದರೆ ಹೆಚ್ಚುಕಮ್ಮಿ 2 ನಿಮಿಷ 46 ಸೆಕೆಂಡ್. 100 ನಾಟ್‌ನಲ್ಲಿ ಬಂದರೆ 1 ನಿಮಿಷ 48 ಸೆಕೆಂಡ್. ಅಂದರೆ ಸುಮಾರು ಒಂದು ನಿಮಿಷ ಉಳಿಯುತ್ತೆ, ಕಂಟ್ರೋಲರ್‌ಗೆ ಒಂದು ನಿಮಿಷ ಅಂದರೆ ದೊಡ್ಡ ಆಸ್ತಿ. ಈಗ ಕೊನೇ ಒಂದು ಮೈಲಿ ಮಾತ್ರ ನೋಡಿ. 65ರಲ್ಲಿ 55 ಸೆಕೆಂಡ್, 85ರಲ್ಲಿ 42. ಉಳಿದದ್ದು 13 ಸೆಕೆಂಡ್. ಆ 13 ಸೆಕೆಂಡ್‌ಗೋಸ್ಕರ ನೀವು ರನ್‌ವೇ ಮೇಲೆ 20 ನಾಟ್ ಹೆಚ್ಚುವರಿ ವೇಗ ಹೊತ್ತುಕೊಂಡು ಬರ್ತೀರಿ. ವಿಮಾನ ನೆಲ ಮುಟ್ಟಲ್ಲ, ತೇಲುತ್ತಾ ಹೋಗುತ್ತೆ. ನೀವು ತಿರುಗಬೇಕಿದ್ದ ಟ್ಯಾಕ್ಸಿವೇ (ರನ್‌ವೇಯಿಂದ ಹೊರಗೆ ಹೋಗೋ ದಾರಿ) ಪಕ್ಕದಲ್ಲೇ ಹಾದುಹೋಗುತ್ತೆ, ಮುಂದಿನದ್ದಕ್ಕೆ ನಿಧಾನವಾಗಿ ಉರುಳಿಕೊಂಡು ಹೋಗಬೇಕು. ಉಳಿಸಿದ ಸೆಕೆಂಡ್ ಅಲ್ಲೇ ಖರ್ಚು, ಮೇಲೆ ಬಡ್ಡಿ ಬೇರೆ.

ವೇಗದ ಶಕ್ತಿ ವರ್ಗದ ಲೆಕ್ಕದಲ್ಲಿ ಏರುತ್ತೆ ಅನ್ನೋದು ಹೈಸ್ಕೂಲ್ ಪಾಠ. 65ರ ಬದಲು 80ರಲ್ಲಿ ಬಂದರೆ ಬ್ರೇಕು ಮತ್ತು ಗಾಳಿ ತಿನ್ನಬೇಕಾದ ಶಕ್ತಿ ಒಂದೂವರೆ ಪಟ್ಟು. ನಿಮ್ಮ ಪಕ್ಕದ ಪಾಲೊ ಆಲ್ಟೊ ರನ್‌ವೇ 2,443 ಅಡಿ. ಅಲ್ಲಿ ಹೀಗೆ ತೇಲಿದರೆ ಏನಾಗುತ್ತೆ ಅಂತ ನಾನು ಹೇಳಬೇಕಿಲ್ಲ.

ಇನ್ನೂ ಕೆಟ್ಟದ್ದು, ತೇಲೋದನ್ನ ತಾಳಲಾರದೆ ಮೂಗು ಒತ್ತಿ ಚಕ್ರ ಮುಟ್ಟಿಸೋದು. ಮೂಗಿನ ಚಕ್ರ ಮೊದಲು ಬೀಳುತ್ತೆ, ವಿಮಾನ ಪುಟಿಯುತ್ತೆ, ಪೈಲಟ್ ಮತ್ತೆ ಒತ್ತುತ್ತಾನೆ, ಅದು ಮತ್ತೆ ಪುಟಿಯುತ್ತೆ. ಮೂಗಿನ ಗಾಲಿಯ ಕಾಲು ಮುರಿದು ಪ್ರೊಪೆಲರ್ ಡಾಂಬರಿಗೆ ತಾಗೋದು ಹೀಗೇ.

ಹಾಗಾಗಿ ನನ್ನ ಶಿಷ್ಯರಿಗೆ ಹೇಳೋದು: ದೂರದಲ್ಲಿ ಉದಾರಿಯಾಗಿರು, ಹತ್ತಿರದಲ್ಲಿ ಜಿಪುಣನಾಗು. ಮೂರು ನಾಲ್ಕು ಮೈಲಿ ದೂರದಲ್ಲಿ 100 ಕೇಳಿದರೆ ಕೊಡಿ, ಗಾಳಿ ಸುಮ್ಮನಿದ್ದರೆ ಏನೂ ತೊಂದರೆ ಇಲ್ಲ. ಆದರೆ 500 ಅಡಿ ಎತ್ತರಕ್ಕೆ ಬರೋ ಹೊತ್ತಿಗೆ ವೇಗ, ಫ್ಲ್ಯಾಪ್ (ನಿಧಾನವಾಗಿ ಹಾರೋಕೆ ರೆಕ್ಕೆಯ ಹಿಂದೆ ಇಳಿಸೋ ಹಲಗೆ), ಟ್ರಿಮ್ (ಮೂಗು ಒಂದೇ ಮಟ್ಟದಲ್ಲಿ ನಿಲ್ಲೋ ಹೊಂದಾಣಿಕೆ) ಎಲ್ಲ ಕೂತಿರಬೇಕು. 3 ಡಿಗ್ರಿ ಇಳಿಜಾರಿನಲ್ಲಿ 500 ಅಡಿ ಅಂದರೆ ರನ್‌ವೇಗೆ ಸುಮಾರು ಒಂದೂವರೆ ಮೈಲಿ. ಅಷ್ಟರೊಳಗೆ ಕೂರಬೇಕಾದರೆ ಎರಡೂವರೆ ಮೈಲಿಯಲ್ಲೇ ನಿಧಾನ ಮಾಡೋಕೆ ಶುರು ಮಾಡಬೇಕು. 172 ಎಸ್‌ನಲ್ಲಿ ಪೂರ್ತಿ ಫ್ಲ್ಯಾಪ್ ಇಳಿಸೋಕೆ 85 ನಾಟ್ ಮಿತಿ ಇದೆ ಅನ್ನೋದೂ ನೆನಪಿರಲಿ, 100ರಲ್ಲಿ ಬಂದು ಕೊನೇ ಗಳಿಗೆಯಲ್ಲಿ ಅದನ್ನ ಎಳೆಯೋ ಹಾಗಿಲ್ಲ.

ಕಲಬುರ್ಗಿ ಕಾಕ್‌ಪಿಟ್

ನಮ್ಮ ಕಡೆ ಹಂಗಿಲ್ರಿ. ಪ್ರಯಾಣಿಕರ ವಿಮಾನ ಬರೋ ಹೊತ್ತಿಗೆ ಟ್ರೇನಿಂಗ್‌ನವ್ರನ್ನ ‘ದೂರ ಹೋಗಿ ಹೋಲ್ಡ್ ಮಾಡ್ರಿ’ ಅಂತ ಕಳಿಸೇ ಬಿಡ್ತಾರ. ನಮಗ ಗಡಿಬಿಡಿ ಟವರ್‌ನಿಂದ ಬರೂದಿಲ್ಲ, ನೆಲದ ಮ್ಯಾಲಿಂದ ಬರ್ತದ. ಕಮರ್ಷಿಯಲ್ ಲೈಸೆನ್ಸಿಗೆ 200 ತಾಸು ಆಗ್ಬೇಕು, ಎಲ್ಲಾರಿಗೂ ತಾಸಿನ ಚಿಂತಿ. ಮುಂದಿನ ಹುಡುಗ ಹೆಡ್‌ಸೆಟ್ ಕೊರಳಾಗ ಹಾಕ್ಕೊಂಡು ರ‍್ಯಾಂಪ್ ಮ್ಯಾಲ ನಿಂತಿರ್ತಾನ, ಹೊತ್ತು ಮುಳುಗೂದ್ರಾಗ ಅವಂದೂ ಸಾರ್ಟಿ, ಅಂದ್ರ ಹಾರಾಟದ ಪಾಳಿ, ಮುಗೀಬೇಕು. ನಾ ಒಂದು ಗೋ-ಅರೌಂಡ್ ಮಾಡಿದ್ರ, ಅಂದ್ರ ಇಳಿಯೂದು ಬಿಟ್ಟು ಮತ್ತ ಮ್ಯಾಲಕ್ಕ ಹೋಗಿ ಸುತ್ತಿ ಬಂದ್ರ, ಅವನ ಟೈಮ್ ತಿಂದಂಗ. ಗೋ-ಅರೌಂಡ್ ಮಾಡಿದ್ದಕ್ಕ ಇನ್‌ಸ್ಟ್ರಕ್ಟರ್ ಯಾರೂ ಬಯ್ಯಂಗಿಲ್ಲ, ಆದ್ರ ರಾತ್ರಿ ಮೆಸ್ಸಿನ್ಯಾಗ ಹುಡುಗರು ಕಿಚಾಯಿಸ್ತಾರಲ್ರಿ, ಅದು ಬೈಗುಳಕ್ಕಿಂತ ಖಾರ.

ನಿವೃತ್ತ ಟವರ್

ಬಹಳ ವರ್ಷ ಮೈಕಿನ ಈಚೆ ಬದಿ ಕೂತವನು ನಾನು. ಹಕ್ಕಿಗಣ್ಣು ಅವರ ‘ಕೋಪ ಬರುತ್ತಾ’ ಪ್ರಶ್ನೆಗೆ ಮೊದಲು ಉತ್ತರ: ಕೆಲವರಿಗೆ ಬರುತ್ತದೆ. ಬರಲಿ ಬಿಡಿ. ದನಿ ಏರಿದ ಮಾತ್ರಕ್ಕೆ ನಿಮ್ಮ ಕ್ಲಿಯರೆನ್ಸ್ (ಟವರ್ ಕೊಟ್ಟ ಅನುಮತಿ) ಬದಲಾಗುವುದಿಲ್ಲ.

ನಮ್ಮ ಕಡೆಯ ಕಷ್ಟವನ್ನೂ ಸ್ವಲ್ಪ ತಿಳಿದುಕೊಳ್ಳಿ. ಬೋಯಿಂಗ್ 737 ಫೈನಲ್‌ನಲ್ಲಿ ಸುಮಾರು 140 ನಾಟ್‌ನಲ್ಲಿ ಬರುತ್ತದೆ, ಅದಕ್ಕಿಂತ ಬಹಳ ಕಡಿಮೆ ಮಾಡುವುದು ಅದಕ್ಕೆ ಆಗುವುದಿಲ್ಲ. ನಿಮ್ಮದು 65. ನಿಮಿಷಕ್ಕೆ ಒಂದೂಕಾಲು ಮೈಲಿಯಂತೆ ಅಂತರ ಕರಗುತ್ತಿರುತ್ತದೆ. ಸಣ್ಣ ವಿಮಾನದ ಹಿಂದೆ ಸಣ್ಣದೇ ಇದ್ದರೆ ಅಮೆರಿಕದಲ್ಲಿ ಹಗಲಿನಲ್ಲಿ 3,000 ಅಡಿ ಅಂತರಕ್ಕೆ ಅದೇ ರನ್‌ವೇ ಮೇಲೆ ಎರಡನೆಯದನ್ನೂ ಇಳಿಸಬಹುದು. ಹಿಂದಿರುವುದು ಜೆಟ್ ಆದರೆ ನೀವು ರನ್‌ವೇ ಬಿಟ್ಟು ಪೂರ್ತಿ ಹೊರಗೆ ಹೋಗಿರಲೇಬೇಕು. ಆ ಲೆಕ್ಕ ತಪ್ಪುತ್ತಿದೆ ಎಂದು ಕಂಡಾಗ ಬಾಯಿಂದ ಮೊದಲು ಬರುವ ಮಾತು ‘ಬೇಗ’.

ಆದರೆ ಆ ಅಂತರ ಕಾಯುವುದು ನನ್ನ ಕೆಲಸ, ನಿಮ್ಮದಲ್ಲ. ನಾನು ಜೆಟ್ಟನ್ನು ದೂರದಲ್ಲೇ ನಿಧಾನ ಮಾಡಿಸಬಹುದು, ಸುತ್ತಿಸಬಹುದು, ಅದಕ್ಕೇ ಗೋ-ಅರೌಂಡ್ ಹೇಳಬಹುದು, ಅಥವಾ ನಿಮ್ಮನ್ನು ಪಕ್ಕಕ್ಕೆ ತೆಗೆಯಬಹುದು. ಇವೆಲ್ಲಕ್ಕೂ ಸಮಯ ಬೇಕು. ಆದ್ದರಿಂದ ನನಗೆ ಬೇಕಾದದ್ದು ನಿಮ್ಮ ಶೂರತನವಲ್ಲ, ಬೇಗ ಸಿಗುವ ಖಚಿತ ಉತ್ತರ. ‘ಅನೇಬಲ್’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ‘ಅನೇಬಲ್, ಫೈನಲ್ ಅಪ್ರೋಚ್ ಸ್ಪೀಡ್ 65’ ಎನ್ನಿ. ಸಂಖ್ಯೆ ಸಿಕ್ಕಿದ ತಕ್ಷಣ ನಾನು ಬೇರೆ ಲೆಕ್ಕ ಹಾಕುತ್ತೇನೆ. ‘ಅಫರ್ಮ್’ ಎಂದು ಒಪ್ಪಿಕೊಂಡು ಆಮೇಲೆ ಎರಡು ಮೈಲಿಯಲ್ಲಿ ಹೇಳದೆ ಕೇಳದೆ 60ಕ್ಕೆ ಇಳಿಯುವವರೇ ನಮಗೆ ಹೆಚ್ಚು ಕಾಟ.

ಇನ್ನು ಕಾನೂನು. ವಿಮಾನದ ವಿಷಯದಲ್ಲಿ ಅಂತಿಮ ಅಧಿಕಾರ ಪೈಲಟ್-ಇನ್-ಕಮಾಂಡ್‌ದು (ಆ ಹಾರಾಟದ ಹೊಣೆ ಹೊತ್ತ ಪೈಲಟ್) ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒದ ಅನೆಕ್ಸ್ 2 ಹೇಳುತ್ತದೆ. ಅಮೆರಿಕದ 91.3 ನಿಯಮವೂ ಅದನ್ನೇ ಹೇಳುತ್ತದೆ. ಸೋಲೋ ಹಾರುವ ವಿದ್ಯಾರ್ಥಿಯೂ ಪೈಲಟ್-ಇನ್-ಕಮಾಂಡೇ.

ಹಕ್ಕಿಗಣ್ಣು

ಮೇಷ್ಟ್ರೇ, 13 ಸೆಕೆಂಡಿನ ಲೆಕ್ಕ ನಾಳೆ ಹ್ಯಾಂಗರ್‌ನ ಬಿಳಿ ಹಲಗೆ ಮೇಲೆ ಬರೀತೀನಿ. ಟವರ್ ಸಾರ್, ಸಂಖ್ಯೆ ಸೇರಿಸಿ ಹೇಳೋದು ನನಗೆ ಹೊಳೆದಿರಲಿಲ್ಲ.

ಹಾಗಾದರೆ ಕೊನೇ ಆಯುಧ ಗೋ-ಅರೌಂಡ್, ಅಲ್ವಾ? ಏನೇ ಗೊಂದಲ ಆದರೂ ಮೇಲಕ್ಕೆ ಹೋದರೆ ಸುರಕ್ಷಿತ?

ಎಡಗಡೆ ಸೀಟು

ಇಲ್ಲ. ಅಲ್ಲಿಗೇ ನಿಲ್ಲಿ. ನಾನು ಟೆಕ್ಸಸ್‌ನಲ್ಲಿ ಹಾರಿಸ್ತೀನಿ, ಇಲ್ಲಿ ಈ ಮಾತು ಬಂದಾಗೆಲ್ಲ ಹೂಸ್ಟನ್‌ನ ಅಪಘಾತ ಒಂದನ್ನ ನೆನಪು ಮಾಡ್ಕೊಳ್ತೀವಿ.

2016ರ ಜೂನ್ 9, ಹಾಬಿ ನಿಲ್ದಾಣ. ನಾಲ್ಕು ಸೀಟಿನ ಸಿರಸ್ ಎಸ್‌ಆರ್20, ಒಳಗೆ ಪೈಲಟ್ ಸೇರಿ ಮೂವರು. ರನ್‌ವೇ 4ಕ್ಕೆ ಬರ್ತಿದ್ದಾಗ ಹಿಂದೆ 737, ಹತ್ತಿರ ಹತ್ತಿರ 80 ನಾಟ್ ಹೆಚ್ಚಿನ ವೇಗದಲ್ಲಿ ಹಿಂದಟ್ಟಿ ಬರ್ತಿದೆ. ಆದಷ್ಟು ಜೋರಾಗಿ ಬನ್ನಿ ಅಂತ ಹೇಳಿ ನೋಡಿದರು, ಆಗಲಿಲ್ಲ, ಗೋ-ಅರೌಂಡ್ ಮಾಡಿಸಿದರು. ಆಮೇಲೆ ರನ್‌ವೇ 35 ಕೊಟ್ಟರು. ರನ್‌ವೇ 35ರ ಮುಖ ಹೆಚ್ಚುಕಮ್ಮಿ ಉತ್ತರಕ್ಕೆ, ಗಾಳಿ ಪೂರ್ವದಿಂದ, ಅಂದರೆ 35ಕ್ಕೆ ಅಡ್ಡಗಾಳಿ, ಅದೂ ರಭಸ ಏರಿಳಿಯೋ ಗಾಳಿ. ಪೈಲಟ್ ಎತ್ತರದಲ್ಲಿ ಉಳಿದುಬಿಟ್ಟರು, ಮತ್ತೆ ಗೋ-ಅರೌಂಡ್. ಮತ್ತೆ 35ಕ್ಕೆ ಸುತ್ತಿ ಬಂದರು, ಮತ್ತೆ ಎತ್ತರ, ಮತ್ತೆ ಗೋ-ಅರೌಂಡ್. ಈ ಸಲ ವೇಗ ಸಾಕಷ್ಟು ಬರೋ ಮುಂಚೆ ಫ್ಲ್ಯಾಪ್ ಮೇಲೆತ್ತಿದರು. ಸ್ಟಾಲ್ (ರೆಕ್ಕೆಗೆ ಎತ್ತುವ ಬಲ ತಪ್ಪೋದು), ಸ್ಪಿನ್ (ಸುತ್ತುತ್ತಾ ಕೆಳಗೆ ಬೀಳೋದು), ಅಂಗಡಿಯೊಂದರ ಪಾರ್ಕಿಂಗ್ ಜಾಗದಲ್ಲಿ ನಿಂತಿದ್ದ ಕಾರಿನ ಮೇಲೆ ಬಿತ್ತು. ಮೂವರೂ ಹೋದರು. ಕೆಳಗಿದ್ದವರಿಗೆ ಏನೂ ಆಗಲಿಲ್ಲ.

ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿಯ ವರದಿಯಲ್ಲಿ ಮುಖ್ಯ ಕಾರಣ ಆ ಗೋ-ಅರೌಂಡ್ ಮಾಡಿದ ರೀತಿ. ಜೊತೆಗೆ ಮೂರು ಸಂಗತಿ ಬರೆದಿದ್ದಾರೆ: ಮೊದಲ ಕಂಟ್ರೋಲರ್ ಅವರನ್ನ ಟ್ರಾಫಿಕ್ ಪ್ಯಾಟರ್ನ್‌ನಲ್ಲೇ (ರನ್‌ವೇ ಸುತ್ತ ಹಾರೋ ನಿಗದಿತ ದಾರಿ) ಇಟ್ಟುಕೊಂಡದ್ದು, ಎರಡನೇ ಕಂಟ್ರೋಲರ್ ನಿರ್ಣಾಯಕ ಗಳಿಗೆಯಲ್ಲಿ ಬೇಡದಷ್ಟು ತೊಡಕಿನ ಕ್ಲಿಯರೆನ್ಸ್ ಕೊಟ್ಟದ್ದು, ಮತ್ತು ಪೈಲಟ್ ತನಗೆ ಬೇಕಾದ್ದನ್ನ ಗಟ್ಟಿಯಾಗಿ ಕೇಳದೆ ಹೋದದ್ದು.

ರೇಡಿಯೋದಲ್ಲಿ ಯಾರೂ ಕೂಗಾಡಲಿಲ್ಲ. ‘ಆಗದಿದ್ದರೆ ಬಲವಂತ ಮಾಡಬೇಡಿ’ ಅನ್ನೋ ಅರ್ಥದ ಮಾತನ್ನೂ ಟವರ್‌ನವರು ಕೊನೆಗೆ ಹೇಳಿದ್ದಾರೆ. ಒತ್ತಡ ಅಂದರೆ ಯಾರೋ ಗದರಿಸೋದು ಅಂತ ಅಂದ್ಕೊಂಡಿರ್ತೀವಿ. ಇಲ್ಲಿ ಅದು ಸಭ್ಯವಾದ ಸೂಚನೆ ಮೇಲೆ ಸೂಚನೆಯಾಗಿ ಬಂತು: ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಹಿಂದೆ ಜೆಟ್ ಇದೆ, ಮುಂದೆ ಜೆಟ್ ಇದೆ, ರನ್‌ವೇ ಬದಲು. ಪ್ರತಿಯೊಂದಕ್ಕೂ ಪೈಲಟ್ ವಿನಯದಿಂದ ಸರಿ ಅಂದರು.

ಕಡಲತಡಿ

ಇದನ್ನು ಓದುವಾಗ ನಮ್ಮ ಮಂಗಳೂರಿನದ್ದು ನೆನಪಾಗುತ್ತದೆ ಮಾರಾಯ್ರೆ. 2010ರ ಮೇ 22, ಏರ್ ಇಂಡಿಯಾ ಎಕ್ಸ್‌ಪ್ರೆಸ್. 158 ಜನ ತೀರಿಹೋದರು, ಬದುಕಿದ್ದು ಎಂಟೇ ಮಂದಿ. ವಿಮಾನ ಎತ್ತರದಲ್ಲಿತ್ತು, ವೇಗ ಹೆಚ್ಚಿತ್ತು, ಪಕ್ಕದ ಸೀಟಿನವರು ಗೋ-ಅರೌಂಡ್ ಅಂತ ಹೇಳಿದರೂ ಕ್ಯಾಪ್ಟನ್ ಇಳಿಸಿದರು. 8,000 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ಮುಟ್ಟಿತು. ಅದೂ ಗಡಿಬಿಡಿಯೇ ಅಲ್ವಾ?

ನಿವೃತ್ತ ಟವರ್

ಕಡಲತಡಿಯವರೇ, ಫಲ ಒಂದೇ ತರಹ ಕಂಡರೂ ಬೇರು ಬೇರೆ. ಮಂಗಳೂರಿನಲ್ಲಿ ಹಿಂದಿನಿಂದ ಯಾರೂ ಅಟ್ಟಿಸಿಕೊಂಡು ಬರುತ್ತಿರಲಿಲ್ಲ, ಟವರ್ ಬೇಗ ಎನ್ನಲಿಲ್ಲ. ಆ ದಿನ ಅಲ್ಲಿನ ರಾಡಾರ್ ಕೆಲಸ ಮಾಡುತ್ತಿರಲಿಲ್ಲ, ಹಾಗಾಗಿ ಎತ್ತರದಿಂದ ಕೆಳಗೆ ಬರಲು ಅನುಮತಿ ಸಿಕ್ಕಿದ್ದೇ ತಡವಾಗಿ. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದರು. ಇನ್ನೊಂದು ವ್ಯತ್ಯಾಸ ನೋಡಿ. ಅಲ್ಲಿ ಮಾಡಬೇಕಿದ್ದ ಹೊತ್ತಿನಲ್ಲಿ ಗೋ-ಅರೌಂಡ್ ಮಾಡಲಿಲ್ಲ, ಹೂಸ್ಟನ್‌ನಲ್ಲಿ ಪ್ರತಿ ಸಲವೂ ಮಾಡಿದರು. ಹಕ್ಕಿಗಣ್ಣು ಅವರ ಪ್ರಶ್ನೆ ಎರಡನೆಯದಕ್ಕೆ ಸೇರಿದ್ದು.

ಕಲಬುರ್ಗಿ ಕಾಕ್‌ಪಿಟ್

ಅಲ್ರಿ, ಹೂಸ್ಟನ್ ಪೈಲಟ್ ಏನು ಹೇಳಬೇಕಾಗಿತ್ತು? ಟವರ್ ಮುಂದ ನಾವು ಸಣ್ಣವ್ರು. ನಮಗಂತೂ ‘ಎಸ್ ಸರ್’ ಬಿಟ್ರ ಬ್ಯಾರೆ ಏನೂ ನಾಲಿಗಿ ಮ್ಯಾಲ ಬರಂಗಿಲ್ಲ.

ಎಡಗಡೆ ಸೀಟು

ಹೇಳಬಹುದಾಗಿದ್ದ ಮಾತು ಬಹಳ ಸರಳ: ‘ನಿಲ್ದಾಣದಿಂದ ಹತ್ತು ಮೈಲಿ ದೂರ ಹೋಗ್ತೀನಿ, ಟ್ರಾಫಿಕ್ ಕಮ್ಮಿ ಆದ ಮೇಲೆ ರನ್‌ವೇ 4ಕ್ಕೆ ನೇರ ಫೈನಲ್ ಕೊಡಿ.’ ಅಷ್ಟೇ. ಮೊದಲ ಗೋ-ಅರೌಂಡ್ ಆದ ಮೇಲೆ ಮತ್ತೆ ಬಿಗಿಯಾದ ಪ್ಯಾಟರ್ನ್‌ನಲ್ಲಿ ಸುತ್ತೋ ಬದಲು ಹೊರಗೆ ಹೋಗಿ, ನೀರು ಕುಡಿದು, ಹೊಸದಾಗಿ ಬರೋದು. ಟ್ಯಾಂಕ್‌ನಲ್ಲಿ ಇಂಧನ ಇದ್ದರೆ ಕಾಲ ನಿಮ್ಮದೇ. ಇಲ್ಲದಿದ್ದರೆ ಇನ್ನೊಂದು ನಿಲ್ದಾಣ. ಹೂಸ್ಟನ್ ಸುತ್ತ ಸಣ್ಣ ವಿಮಾನಕ್ಕೆ ರನ್‌ವೇಗಳಿಗೆ ಬರಗಾಲ ಇಲ್ಲ.

ಇನ್ನು ‘ಎಸ್ ಸರ್’ ಅಭ್ಯಾಸ ನಮ್ಮೊಬ್ಬರದ್ದೇ ಅಲ್ಲ ತಮ್ಮಾ. ಆದರೆ ನಾವು ಬೆಳೆದ ಮನೆ, ಶಾಲೆ ಎಲ್ಲ ಕಡೆ ಎದುರುತ್ತರ ಕೊಡೋದು ಉದ್ಧಟತನ ಅಂತಲೇ ಕಲಿಸಿರ್ತಾರೆ, ಅದು ಮೈಕ್ ಒತ್ತಿದಾಗ ಅಡ್ಡ ಬರುತ್ತೆ. ಅದಕ್ಕೆ ಮದ್ದು ಬಾಯಿಪಾಠ. ಕಾರ್ ಓಡಿಸ್ತಾ ಒಬ್ಬನೇ ಇದ್ದಾಗ ಆ ವಾಕ್ಯವನ್ನ ಜೋರಾಗಿ ಹೇಳಿ ರೂಢಿ ಮಾಡ್ಕೊಳ್ಳಿ. ಪಕ್ಕದ ಕಾರಿನವರು ನೋಡಿದರೆ ನೋಡಲಿ.

ಹಿಂದಿನ ಸೀಟು

ನಾನು ಪೈಲಟ್ ಅಲ್ಲ, ನಮ್ಮೆಜಮಾನರು ಪೈಲಟ್. ನೀವೆಲ್ಲ ಟವರ್ ಟವರ್ ಅಂತಿದ್ದೀರಿ, ಒಳಗೆ ಕೂತವರ ಒತ್ತಡ ಯಾರೂ ಹೇಳಲಿಲ್ಲ. ಮಗುವಿಗೆ ವಾಂತಿ ಬರ್ತಿರುತ್ತೆ, ಅತ್ತೆಯವರಿಗೆ ಕಿವಿ ನೋವು, ಊಟಕ್ಕೆ ಕರೆದವರು ಮೆಸೇಜ್ ಮೇಲೆ ಮೆಸೇಜ್ ಹಾಕ್ತಿರ್ತಾರೆ. ‘ಇನ್ನೆಷ್ಟು ಹೊತ್ತು’ ಅಂತ ಹಿಂದಿನಿಂದ ಕೇಳಿಬಂದರೆ ಬಿಎಂಟಿಸಿ ಕಂಡಕ್ಟರ್ ‘ಬೇಗ ಬೇಗ ಇಳೀರಿ’ ಅಂದ ಹಾಗೇ ಇವರ ಕೈ ಚುರುಕಾಗುತ್ತೆ. ಅದನ್ನ ಗಮನಿಸಿದ ಮೇಲೆ ನಮ್ಮಲ್ಲೊಂದು ಪದ್ಧತಿ: ಇಳಿಯೋಕೆ ಹತ್ತು ಮೈಲಿ ಇದೆ ಅನ್ನುವಾಗ ಇವರು ಕೈ ಎತ್ತಿ ತೋರಿಸ್ತಾರೆ, ಅಲ್ಲಿಂದ ನೆಲದ ಮೇಲೆ ರನ್‌ವೇ ಬಿಡೋವರೆಗೆ ಯಾರೂ ಮಾತಾಡೋ ಹಾಗಿಲ್ಲ. ಬೇರೆ ವಿಮಾನ ಕಂಡರೆ ಮಾತ್ರ ಬೆರಳು ತೋರಿಸಿ ಹೇಳಬಹುದು. ಮತ್ತೆ ಮೇಲೆ ಹೋಗೋ ಸಾಧ್ಯತೆ ಇದೆ ಅಂತ ಹೊರಡೋ ಮುಂಚೆಯೇ ಹೇಳಿರ್ತಾರೆ, ಹಾಗಾಗಿ ಗೋ-ಅರೌಂಡ್ ಆದರೆ ಅತ್ತೆಯವರು ಈಗ ‘ಇನ್ನೊಂದು ರೌಂಡಾ?’ ಅಂತಷ್ಟೇ ಅಂತಾರೆ.

ಫೀನಿಕ್ಸ್ ಮೇಷ್ಟ್ರು

ಹಿಂದಿನ ಸೀಟು ಅವರೇ, ಇದನ್ನ ನನ್ನ ಶಿಷ್ಯರ ಮನೆಯವರಿಗೆ ಕಳಿಸ್ತೀನಿ.

ಗೋ-ಅರೌಂಡ್ ಬಗ್ಗೆ ಎಡಗಡೆ ಸೀಟು ಅವರು ಹೇಳಿದ್ದಕ್ಕೆ ಒಂದಿಷ್ಟು ಸೇರಿಸ್ತೀನಿ, ಯಾಕಂದರೆ ಬಹಳ ಜನ ಇದನ್ನ ವರ್ಷಕ್ಕೊಮ್ಮೆ ಚೆಕ್‌ಗೆ ಮಾತ್ರ ಮಾಡ್ತಾರೆ. ಪೂರ್ತಿ ಫ್ಲ್ಯಾಪ್, ಕಮ್ಮಿ ವೇಗ, ಅಪ್ರೋಚ್‌ಗೆ ಟ್ರಿಮ್ ಆಗಿರೋ ವಿಮಾನಕ್ಕೆ ಪೂರ್ತಿ ಶಕ್ತಿ ಕೊಟ್ಟರೆ ಮೂಗು ತಾನಾಗೇ ಮೇಲೇಳುತ್ತೆ, ಎಡಕ್ಕೂ ಎಳೆಯುತ್ತೆ. ಬಲಗಾಲಿನಿಂದ ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಿ, ಮೂಗನ್ನ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. 172ರಲ್ಲಿ ಫ್ಲ್ಯಾಪನ್ನ ಮೊದಲು 20ಕ್ಕೆ ತನ್ನಿ, ವೇಗ ಬರಲಿ, ವಿಮಾನ ಏರ್ತಿದೆ ಅಂತ ಖಾತ್ರಿ ಆಗಲಿ, ಆಮೇಲೆ 10, ಆಮೇಲೆ ಸೊನ್ನೆ. ಒಂದೇ ಏಟಿಗೆ ಮೇಲೆತ್ತಿದರೆ ರೆಕ್ಕೆಯ ಎತ್ತುವ ಬಲ ಒಮ್ಮೆಲೇ ಕುಸಿಯುತ್ತೆ, ಸ್ಟಾಲ್ ವೇಗ ಮೇಲೇರುತ್ತೆ. ಆ ಗಳಿಗೆಯಲ್ಲಿ ಟವರ್ ‘ಬಲಕ್ಕೆ ತಿರುಗಿ, ಹೊಸ ರನ್‌ವೇ’ ಅಂದರೆ ಉತ್ತರ ಕೊಡಬೇಡಿ. ನಿಮಗೆ ಕೇಳಿಸಲಿಲ್ಲ ಅಂತ ಅವರು ಮತ್ತೆ ಹೇಳ್ತಾರೆ, ಅಷ್ಟರಲ್ಲಿ ವಿಮಾನ ಏರಿರುತ್ತೆ. ಬೇಕಿದ್ದರೆ ‘ಸ್ಟ್ಯಾಂಡ್‌ಬೈ’ ಅನ್ನಿ.

ತಿರುವಿನ ಮಾತೂ ಇದೆ. ಅವಸರದಲ್ಲಿ ಬೇಸ್‌ನಿಂದ (ಫೈನಲ್‌ಗೆ ಮುಂಚಿನ ಅಡ್ಡ ದಾರಿ) ಫೈನಲ್‌ಗೆ ತಿರುಗುವಾಗ ರನ್‌ವೇಯ ನೇರ ಗೆರೆ ದಾಟಿ ಹೋದರೆ ಕೈ ತಾನಾಗೇ ಹೆಚ್ಚು ವಾಲಿಸುತ್ತೆ. ಎತ್ತರ ಬಿಡದೆ 45 ಡಿಗ್ರಿ ವಾಲಿಸಿದರೆ ಸ್ಟಾಲ್ ವೇಗ ಶೇ. 19ರಷ್ಟು ಏರುತ್ತೆ, 60ಕ್ಕೆ ಹೋದರೆ ಶೇ. 41. ಹಾಗಂತ ವಾಲಿಸೋಕೆ ಹೆದರಿ ರಡ್ಡರ್‌ನಿಂದ ಮೂಗು ತಳ್ಳೋದು ಅದಕ್ಕಿಂತ ಅಪಾಯ, ಸ್ಟಾಲ್ ಆದರೆ ನೇರ ಸ್ಪಿನ್. ಗೆರೆ ದಾಟಿತಾ, ದಾಟಲಿ. ಪಕ್ಕದಲ್ಲಿ ಸಮಾನಾಂತರ ರನ್‌ವೇ ಇದ್ದರೆ ತಕ್ಷಣ ಟವರ್‌ಗೆ ಹೇಳಿ ಗೋ-ಅರೌಂಡ್ ಮಾಡಿ. ನಿಮ್ಮ ರೀಡ್-ಹಿಲ್‌ವ್ಯೂನಲ್ಲಿ ಎರಡು ರನ್‌ವೇ ಪಕ್ಕಪಕ್ಕ ಇರೋದರಿಂದ ಇದು ವಿಶೇಷವಾಗಿ ನಿಮಗೆ.

‘ಶಾರ್ಟ್ ಅಪ್ರೋಚ್ ಮಾಡ್ತೀರಾ’, ಅಂದರೆ ಬೇಗ ತಿರುಗಿ ಗಿಡ್ಡ ಫೈನಲ್‌ನಲ್ಲಿ ಬರ್ತೀರಾ, ಅಂತ ಕೇಳೋದೂ ಇದೇ ಜಾತಿ. ಅದು ಪ್ರಶ್ನೆ, ಆಜ್ಞೆ ಅಲ್ಲ. ‘ಡೌನ್‌ವಿಂಡ್ (ರನ್‌ವೇ ಪಕ್ಕದಲ್ಲಿ ಇಳಿಯೋ ದಿಕ್ಕಿಗೆ ಎದುರಾಗಿ ಹಾರೋ ದಾರಿ) ಉದ್ದ ಮಾಡ್ತೀನಿ’ ಅಂತ ಮರುಪ್ರಸ್ತಾಪ ಇಟ್ಟರೆ ಹತ್ತಕ್ಕೆ ಒಂಬತ್ತು ಸಲ ಒಪ್ಕೊಳ್ತಾರೆ.

ಹಕ್ಕಿಗಣ್ಣು

ಇನ್ನೊಂದೇ ಒಂದು. ಚಕ್ರ ಮುಟ್ಟಿದ ಮೇಲೆ ‘ಎಕ್ಸ್‌ಪಿಡೈಟ್’, ಬೇಗ ರನ್‌ವೇ ಬಿಡಿ ಅಂದರೆ?

ನಿವೃತ್ತ ಟವರ್

ಸುರಕ್ಷಿತವಾಗಿ ಸಿಗುವ ಮೊದಲ ಟ್ಯಾಕ್ಸಿವೇಯಲ್ಲಿ ತಿರುಗಿ. ಅದಕ್ಕೆ ಬ್ರೇಕ್ ತುಳಿದು ಟಯರ್ ಸವೆಸಬೇಕಾಗಿ ಬಂದರೆ, ಅಥವಾ ವೇಗವಾಗಿ ಓಡುತ್ತಿರುವಾಗಲೇ ತಿರುಗಬೇಕಾಗಿ ಬಂದರೆ ‘ಅನೇಬಲ್, ಮುಂದಿನದ್ದು’ ಎನ್ನಿ. ರನ್‌ವೇ ಮೇಲೆ ಟಯರ್ ಒಡೆದು ನಿಂತರೆ ಹಿಂದಿನ ಜೆಟ್ ಹೇಗಿದ್ದರೂ ಗೋ-ಅರೌಂಡೇ, ಜೊತೆಗೆ ರನ್‌ವೇಯೂ ಬಂದ್. ಓಡುತ್ತಿರುವಾಗ ಫ್ಲ್ಯಾಪ್ ತೆಗೆಯುವುದು, ರೇಡಿಯೋ ಬದಲಿಸುವುದು ಯಾವುದೂ ಬೇಡ. ರನ್‌ವೇ ಬಿಟ್ಟು ಟ್ಯಾಕ್ಸಿವೇ ಮೇಲಿನ ಗೆರೆ ದಾಟಿ ಹೊರಗೆ ನಿಂತ ಮೇಲೆ ಮಾಡಿ. ಚಕ್ರ ಒಳಗೆಳೆಯುವ ವಿಮಾನಗಳಲ್ಲಿ ಇದೇ ಆತುರಕ್ಕೆ ಫ್ಲ್ಯಾಪ್ ಎಂದುಕೊಂಡು ಗೇರ್ ಲಿವರ್ ಎತ್ತಿದವರಿದ್ದಾರೆ.

ಎಡಗಡೆ ಸೀಟು

ಜೆಟ್ ಹಿಂದೆ ಇರೋದರ ಬಗ್ಗೆಯೇ ಮಾತಾಡಿದೆವು, ಮುಂದೆ ಇದ್ದರೂ ಇದೇ ಕಥೆ. ಅದು ಇಳಿದ ಕೂಡಲೇ ‘ಕ್ಲಿಯರ್ಡ್ ಟು ಲ್ಯಾಂಡ್, ಕಾಷನ್ ವೇಕ್ ಟರ್ಬ್ಯುಲೆನ್ಸ್’ ಅಂತಾರೆ, ಇಳೀರಿ, ಆದರೆ ಜೆಟ್ ಎಬ್ಬಿಸಿದ ಗಾಳಿ ಸುಳಿಗಳ ಬಗ್ಗೆ ಎಚ್ಚರ ಅಂತ. ರೆಕ್ಕೆ ತುದಿಯ ಸುಳಿಗಳು ನಿಮಿಷಕ್ಕೆ ಕೆಲವು ನೂರು ಅಡಿಯಂತೆ ಕೆಳಗಿಳೀತಾ ಇರುತ್ತವೆ. ಅದರ ದಾರಿಗಿಂತ ಮೇಲೆ ಬನ್ನಿ, ಅದು ಚಕ್ರ ಮುಟ್ಟಿಸಿದ ಜಾಗ ದಾಟಿ ಇಳೀರಿ. ಇನ್ನೊಂದೆರಡು ನಿಮಿಷ ಬೇಕು ಅನ್ನಿಸಿದರೆ ಡೌನ್‌ವಿಂಡ್‌ನಲ್ಲೇ ಕೇಳಿ, ಫೈನಲ್‌ಗೆ ತಿರುಗಿದ ಮೇಲಲ್ಲ.

ಕಲಬುರ್ಗಿ ಕಾಕ್‌ಪಿಟ್

ಟವರ್ ಸಾರ್, ಒಂದು ಸಣ್ಣ ಡೌಟ್. ನಾವು ಮೊದಲ ಕರೆಯೊಳಗ ‘ಸ್ಟೂಡೆಂಟ್ ಪೈಲಟ್, ಸೋಲೋ’ ಅಂತ ಹೇಳಿದ್ರ ಖರೇನ ಫರಕ್ ಬೀಳ್ತದೇನ್ರಿ? ಹುಡುಗರು ನಾಚ್ಕೋತಾರ.

ನಿವೃತ್ತ ಟವರ್

ಬಹಳ ಬೀಳುತ್ತದೆ. ಆ ಮಾತು ಕೇಳಿದ ಕೂಡಲೇ ನಾನು ಹಿಂದಿನವರಿಗೆ ಒಂದೆರಡು ಮೈಲಿ ಹೆಚ್ಚು ಬಿಡುತ್ತಿದ್ದೆ, ಸೂಚನೆಗಳನ್ನು ಒಂದೊಂದಾಗಿ ಕೊಡುತ್ತಿದ್ದೆ. ಲೈಸೆನ್ಸ್ ಬಂದ ಮೇಲೂ ಗೊತ್ತಿಲ್ಲದ ನಿಲ್ದಾಣಕ್ಕೆ ಹೋದರೆ ‘ಅನ್‌ಫೆಮಿಲಿಯರ್’ ಎಂದು ಸೇರಿಸಿ, ಅದಕ್ಕೂ ಅಷ್ಟೇ ಬೆಲೆ ಇದೆ. ಹಕ್ಕಿಗಣ್ಣು ಅವರೇ, ಚೆಕ್‌ರೈಡ್ ಆದ ಮೇಲೆ ಮೊದಲು ಯಾವ ದೊಡ್ಡ ನಿಲ್ದಾಣಕ್ಕೆ ಹೋಗುವ ಯೋಚನೆ?

ಹಕ್ಕಿಗಣ್ಣು

ಮಾಂಟೆರೇ, ಸಾರ್. ಬೆಳಿಗ್ಗೆ ಬೇಗ ಹೋದರೆ ಜೆಟ್ ಕಮ್ಮಿ ಅಂತಾರೆ, ಆದರೆ ಕಡಲ ಮಂಜು ಸರಿಯೋದು ತಡ. ಹಾಗಾಗಿ ಮಧ್ಯಾಹ್ನ, ಜೆಟ್‌ಗಳ ಜೊತೆಗೇ.